ಮುಗಿಸದೆ ಬಿಟ್ಟ ಮರಿಗಿಳಿಯ ಕಥೆ

ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ, ರೋಣದ ಬಸ್ಸು ನಿಲ್ಲುವ ಕಡೆ, ಕಬ್ಬಿನ ಹಾಲಿನ ಗಾಡಿಯ ಪಕ್ಕ ನಾನು ನಿಂತಿದ್ದೆ. ಯುಗಾದಿ ಮುಗಿದ ಮರುವಾರ, ಮಧ್ಯಾಹ್ನ. ನೀನಾಗ ಎರಡನೆಯ ಇಯತ್ತೆ ಓದುತ್ತಿದ್ದೆ. ಶಾರದಾ, ಆ ದಿನ ನಿನ್ನ ಅವ್ವ ನಿನ್ನನ್ನು ಕರೆದೊಯ್ಯಲು ಬಂದಿದ್ದಳು. ಸುಳ್ಳು ಹೇಳಿ ಅವಳನ್ನು ವಾಪಸು ಕಳಿಸಿದವನು ನಾನು. ಅವಳು ಒಮ್ಮೆಯೂ ಬರಲಿಲ್ಲ ಎಂದೇ ನೀನು ಇಷ್ಟು ವರ್ಷ ತಿಳಿದಿದ್ದೀಯ — ಹಾಗೆ ತಿಳಿಯಲು ಬಿಟ್ಟವನೂ ನಾನೇ.

ಮೊನ್ನೆ ನರಗುಂದದಿಂದ ನೀನು ಫೋನ್ ಮಾಡಿ, ನಿನ್ನ ಮಗಳು ಮರಿಗಿಳಿಯ ಕಥೆಗೆ ಹಟ ಹಿಡಿದಿದ್ದಾಳೆ ಎಂದೆ. "ಮಾಮಾ, ಆ ಮರಿಗೆ ಅವ್ವ ಸಿಕ್ಕಳೋ ಇಲ್ಲೋ? ನೀ ಮುಗಸಲೇ ಇಲ್ಲ." ನಾನು ಏನೋ ನೆವ ಹೇಳಿ ಫೋನ್ ಇಟ್ಟೆ.

ನಿನ್ನ ಅಪ್ಪ ತೀರಿದ ಮೇಲೆ ನನ್ನ ತಂಗಿ ನಿನ್ನನ್ನು ಶಿರೋಳದಲ್ಲಿ ನಮ್ಮ ಬಳಿ ಬಿಟ್ಟು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದಳು. ಅಲ್ಲಿ ಇನ್ನೊಬ್ಬನನ್ನು ಮದುವೆಯಾದಳು. ನಿನ್ನ ಅಜ್ಜ, ಈ ಹೊಸಿಲು ತುಳಿಯಬೇಡ ಎಂದರು. ಆದರೆ ನನ್ನ ಸುಳ್ಳನ್ನು ನಾನು ಅಜ್ಜನ ಮೇಲೆ ಹಾಕಲಾರೆ.

ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿರುವ ಕಥೆ ಎಲ್ಲರಿಗೂ ಗೊತ್ತು. ನೀನು ಮಾತ್ರ, "ಅದಕ್ಕೂ ಮೊದಲ ಆ ಗಿಳಿ ಎಲ್ಲಿತ್ತು? ಅದಕ್ಕ ಅವ್ವ ಇರಲಿಲ್ಲೇನು?" ಎಂದು ಕೇಳಿದೆ. ಹೀಗೆ ಆ ಮೊದಲಿನ ಕಥೆ ಶುರುವಾಯಿತು. ಗಜೇಂದ್ರಗಡದ ಗುಡ್ಡದ ಪೊಟರೆಯಿಂದ ಅವ್ವನನ್ನು ಹುಡುಕಿ ಹೊರಟ ಮರಿ. ಗುಡ್ಡದ ಮೇಲಿನ, ಕರೆಂಟು ಮಾಡುವ ಗಾಳಿ ಫ್ಯಾನುಗಳೇ ಮೂರು ಕೈಯ ರಾಕ್ಷಸರು. ಮಲಪ್ರಭೆಯೇ ಮೊದಲ ಸಮುದ್ರ. ನೀನು ನನ್ನ ತೋಳಿಗೆ ಒರಗಿ ಮಾತುಮಾತಿಗೂ "ಹೂಂ" ಅನ್ನುತ್ತಿದ್ದೆ.

"ಹಗಲೊತ್ತು ಕತಿ ಹೇಳಿದ್ರ ಸ್ವಾದರಮಾವ ದಾರಿ ತಪ್ತಾನಂತ," ಎಂದು ನಿನ್ನ ಅತ್ತೆ ಚುಡಾಯಿಸಿದರೆ, "ತಪ್ಪಿದ್ರ ನಾ ಹುಡಕ್ಕೊಂಡ ಬರ್ತೀನಿ ಬಿಡ್ರಿ ಅತ್ತಿ," ಎಂದು ನೀನು ಅಂದಿದ್ದೆ. ನಮಗೆ ಮಕ್ಕಳಿರಲಿಲ್ಲ. ಆ "ಹೂಂ" ಕೇಳಲೆಂದು ಹೊಲದಿಂದ ಲಗುಬಗೆಯಿಂದ ಬರುತ್ತಿದ್ದೆ — ಅದು ನನ್ನದೇ ಎಂದುಕೊಂಡುಬಿಟ್ಟಿದ್ದೆ.

ಗೋವಾದಲ್ಲಿ ನಿನ್ನ ಅವ್ವನ ಜೊತೆ ಕೆಲಸ ಮಾಡುತ್ತಿದ್ದ ಪುರ್ತಗೇರಿಯ ಫಕೀರವ್ವ, ನಿನ್ನನ್ನು ಗಜೇಂದ್ರಗಡಕ್ಕೆ ಕರೆತರಬೇಕಂತೆ ಎಂದು ಸುದ್ದಿ ಮುಟ್ಟಿಸಿದಳು. ನಾನು ಒಬ್ಬನೇ ಹೋದೆ. ಅವ್ವ ಹಳದಿ ಫ್ರಾಕೊಂದನ್ನು ಎರಡೂ ಭುಜಕ್ಕೆ ಹಿಡಿದೆತ್ತಿ, "ಈಟ ಆಗಿರಬೇಕಲ್ಲಣ್ಣಾ?" ಎಂದಳು. ನಂತರ ನನ್ನ ಬೆನ್ನ ಹಿಂದೆ ನೋಡಿದಳು.

"ಎಲ್ಲಿ ಆಕಿ?"

"ಬರಂಗಿಲ್ಲ ಅಂದ್ಲು. ನಿನ್ನ ಹೆಸರ ತಗದ್ರ ಅಳತಾಳ."

"ಖರೇನ ಹಂಗ ಅಂದ್ಲೇನು?"

"ಖರೇ," ಅಂದೆ.

"ಊರಿಗೇ ಹೋಗಿ ಹುಡಿಗಿ ಬಾಯಿಂದನ ಕೇಳೂಣು ನಡಿ," ಎಂದು ಅವಳ ಜೊತೆ ಬಂದಿದ್ದ ಫಕೀರವ್ವ ಅವಳ ಕೈ ಜಗ್ಗಿದಳು. ಅವ್ವ ಬೇಡವೆಂದು ತಲೆ ಅಲ್ಲಾಡಿಸಿ, ಫ್ರಾಕನ್ನು ಮಡಚಿ ನನ್ನ ಕೈಗಿಟ್ಟು ಬಸ್ಸು ಹತ್ತಿದಳು. ಕಿಟಕಿಯಿಂದ ನೋಡಲಿಲ್ಲ.

ಫ್ರಾಕು ನಾನು ತಂದದ್ದೆಂದು ನಿನಗೆ ಹೇಳಿದೆ. ನೀನು ಅದನ್ನು ತೊಟ್ಟು, "ಮಾಮಾ ತಂದಾನ," ಎನ್ನುತ್ತ ಓಣಿಯೆಲ್ಲ ತಿರುಗಿದೆ. ಅವತ್ತೇ ಸಂಜೆ ಮರಿಗಿಳಿಗೆ ದಾಟಲು ಇನ್ನೊಂದು ಸಮುದ್ರ ಕೊಟ್ಟೆ. ಅವ್ವ ಸಿಕ್ಕರೆ ಕಥೆ ಮುಗಿಯುತ್ತದೆ, ಮುಗಿದರೆ ನೀನು — ಅಷ್ಟೇ. ಬೇರೆ ಕಾರಣವಿಲ್ಲ. ನಿನ್ನ ಅತ್ತೆಗೂ ಹೇಳಲಿಲ್ಲ. ಅವಳು ತಿಳಿಯದೆಯೇ ತೀರಿಕೊಂಡಳು.

ಕ್ಷಮಿಸು ಎಂದು ಕೇಳುವುದಿಲ್ಲ. ನಾಳೆ ಈ ಕಾಗದವನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ. ನೀನು ಓದುವವರೆಗೂ ಕೂತಿರುತ್ತೇನೆ.

ಅಂದು ಅಲ್ಲಿದ್ದವರಲ್ಲಿ ನಾನಲ್ಲದೆ ಇಬ್ಬರು ಇನ್ನೂ ಬದುಕಿದ್ದಾರೆ. ಒಬ್ಬಳು ಫಕೀರವ್ವ, ಪುರ್ತಗೇರಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ನಿನ್ನೆ ಹೋಗಿ ಇನ್ನೊಬ್ಬಳು ಎಲ್ಲಿದ್ದಾಳೆಂದು ಅವಳನ್ನೇ ವಿಚಾರಿಸಿ ಬಂದೆ. ಆ ಇನ್ನೊಬ್ಬಳು ಗೋವಾದ ಮಡಗಾಂವದಲ್ಲಿದ್ದಾಳೆ — ನಿನ್ನ ಅವ್ವ.