ಚೇರ್ಮನ್ನರ ಬಾಯಿ ಎಲ್ಲೈತಿ?

ಕಾಂತಕ್ಕನನ್ನು ನಾನು ಮೊದಲ ಸಲ ಕಂಡದ್ದು ಖಾನಾಪುರದ ಬಸ್ಸಿನಲ್ಲಿ, ಅವರು ನನ್ನನ್ನು ಅಣಕಿಸುತ್ತಿದ್ದಾಗ. ಕನಿಷ್ಠ ನಾನು ಹಾಗೆ ತಿಳಿದುಕೊಂಡಿದ್ದೆ. ಬೆಳಗಾವಿ ನಿಲ್ದಾಣ ಬಿಟ್ಟಾಗಿನಿಂದ ಕೊರಳಿಗೆ ಹೊಲಿಗೆಯ ಟೇಪು ಹಾಕಿಕೊಂಡಿದ್ದ ಆ ದಪ್ಪ ಹೆಂಗಸು ನನ್ನ ಕಡೆಗೇ ಮುಖ ಮಾಡಿ, ಗಲ್ಲ ಉಬ್ಬಿಸಿ 'ಪ್ಪಾ' ಎಂದು ಗಾಳಿ ಬಿಡುತ್ತಿದ್ದರು. ಆಮೇಲೆ ತುಟಿ ಬಿಗಿದು 'ಮ್ಮಾ' ಎನ್ನುವರು. ನಡುನಡುವೆ ನಾಲಿಗೆ ಚಾಚುವರು. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ನನ್ನ ಅಂಕಣ ಬರುತ್ತದೆ, ಪಕ್ಕದಲ್ಲಿ ಫೋಟೋ ಕೂಡ ಇರುತ್ತದೆ. ಈಕೆ ಗುರುತು ಹಿಡಿದು ವಿಮರ್ಶೆ ಮಾಡುತ್ತಿದ್ದಾರೆ ಎಂದುಕೊಂಡೆ. ಬಸ್ಸು ತುಂಬಿತ್ತು, ನಾನು ನಿಂತಿದ್ದೆ, ಎಲ್ಲಿಗೂ ಓಡುವಂತಿರಲಿಲ್ಲ. ಕೊನೆಗೆ ಗಂಭೀರವಾಗಿ, "ಏನಾತ್ರಿ?" ಎಂದೆ.

"ಏನಿಲ್ರಿ ಸರ. ಒಂದೀಟು ಬಾಜೂಕ ಸರೀರಿ. ಕೂಸಿಗೆ ನನ್ನ ಬಾಯಿ ಕಾಣವಲ್ದು, ನೀವು ಅಡ್ಡ ನಿಂತೀರಿ."

ತಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮೂರು ದಾಟಿದ ಒಂದು ಹುಡುಗಿ ಕುಳಿತು, ನನ್ನ ಅಂಗಿಯ ಆಚೆಗೆ ಏನಾದರೂ ಕಂಡೀತೇ ಎಂದು ಕತ್ತು ಚಾಚುತ್ತಿತ್ತು. ನಾನು ಸರಿದೆ. ಹುಡುಗಿ ತನ್ನ ಅಜ್ಜಿ ಕಾಂತಕ್ಕನ ಬಾಯಿ ನೋಡಿ ತನ್ನ ತುಟಿಗಳನ್ನು ಒಂದಕ್ಕೊಂದು ಒತ್ತಿತು. ಸದ್ದು ಬರಲಿಲ್ಲ. "ಬರ್ತದ, ಬರ್ತದ" ಎಂದರು ಕಾಂತಕ್ಕ. ಖಾನಾಪುರ ಬರುವವರೆಗೂ ನನ್ನ ಅಂಕಣದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಕಾಂತಕ್ಕನಿಗೆ ಖಾನಾಪುರದಲ್ಲಿ ಹೊಲಿಗೆಯ ಅಂಗಡಿ ಇದೆ. ಬೋರ್ಡಿನ ಮೇಲೆ 'ಫ್ಯಾಷನ್ ಡಿಸೈನರ್' ಎಂದು ಬರೆಸಿದ್ದಾರೆ. ತಾವು ಹೊಲಿದ ಒಂದು ಬ್ಲೌಸೂ ತಿರುಗಿ ಬಂದಿಲ್ಲ ಎಂಬುದು ಅವರ ಹೆಮ್ಮೆ. ಬಾರದಿರುವುದು ನಿಜ, ತಂದವರಿಗೆ "ನೀ ದಪ್ಪ ಆಗೀ, ಬ್ಲೌಸ್ ಏನ್ ಮಾಡ್ತದ" ಎಂಬ ಉತ್ತರ ಕಾದಿರುತ್ತದೆಂದು ಊರಿಗೆಲ್ಲ ಗೊತ್ತು.

ಮೊಮ್ಮಗಳು ಸಮೃದ್ಧಿ ಲಾಕ್‌ಡೌನಿನ ಕೂಸು. ಮಗಳು ಪದ್ಮಶ್ರೀ ಮತ್ತು ಅಳಿಯ ಇಬ್ಬರೂ ಬೆಳಗಾವಿಯಲ್ಲಿ ನೌಕರಿ ಮಾಡುವವರಾದ್ದರಿಂದ ಕೂಸು ಮೂರು ತುಂಬುವವರೆಗೆ ಖಾನಾಪುರದಲ್ಲೇ ಬೆಳೆಯಿತು. ಅಂಗಡಿಯ ಪಕ್ಕದ ಮನೆಯಲ್ಲಿ ಮರಾಠಿ ಬಾಲವಾಡಿ ನಡೆಸುವ ಹೆಣ್ಣುಮಗಳೊಬ್ಬಳಿದ್ದಳು. ಆ ಕಡೆ ಮರಾಠಿಯಲ್ಲಿ ಸಾಲಿ ಕಲಿಸುವಾಕೆಗೆ 'ಬಾಯಿ' ಎನ್ನುತ್ತಾರೆ. ಗಂಡಸಿನ ಹೆಂಡತಿಗೂ ಬಾಯಿ ಎಂದೇ ಅನ್ನುತ್ತಾರೆ. ಕೂಸು ಅಳುವುದು ತಡ, "ಬಾಯೀ ಕಡೆ ಹೋಗು" ಎಂದು ಗೋಡೆಯಾಚೆ ದಾಟಿಸುತ್ತಿದ್ದರು. ಆಕೆ ಎತ್ತಿಕೊಂಡು ಬಿಸ್ಕೀಟು ಕೊಡುತ್ತಿದ್ದಳು. ಸಮೃದ್ಧಿಯ ಪಾಲಿಗೆ ಬಾಯಿ ಎಂದರೆ ಸೀರೆ ಉಟ್ಟ, ಬಿಸ್ಕೀಟು ಇರುವ, ಒಳ್ಳೆಯ ಮನುಷ್ಯಳು.

ಆದರೆ ಕೂಸು ಮಾತಾಡಲಿಲ್ಲ. ಎಲ್ಲ ತಿಳಿಯುತ್ತಿತ್ತು, ಹೊಲಿಗೆ ಯಂತ್ರದ ಬಾಬಿನ್ ತಾ ಎಂದರೆ ಬಾಬಿನ್ನೇ ತರುತ್ತಿತ್ತು. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿತ್ತು, ಅಷ್ಟೆ. ಕಾಂತಕ್ಕ ಮೊದಲು ತಂಪು ಹಾಲನ್ನು ಬೈದರು, ಆಮೇಲೆ ಫ್ಯಾನಿನ ಗಾಳಿಯನ್ನು, ಆಮೇಲೆ ಅಳಿಯನ ಮನೆತನವನ್ನು. ಹಲಸಿಯ ಗುಡಿಗೆ ಹೋಗಿ ಹರಕೆ ಹೊತ್ತರು. ಎಲ್ಲ ಮುಗಿದ ಮೇಲೆ, ಮಗಳ ಹಟಕ್ಕೆ, ಬೆಳಗಾವಿಯ ನೆಹರು ನಗರದಲ್ಲಿ ಮಕ್ಕಳಿಗೆ ಮಾತು ಕಲಿಸುವ ಅಂಜುಮ ಎಂಬ ತಜ್ಞೆಯ ಹತ್ತಿರ ಹೋದರು.

ಅಂಜುಮ ಕಿವಿ ಪರೀಕ್ಷೆ ಮಾಡಿಸಿದಳು, ಆಟ ಆಡಿಸಿದಳು, ಕಡೆಗೆ ಹೇಳಿದಳು: "ಕಿವಿ ಛಲೋ ಅದಾವ. ತಿಳುವಳಿಕೆನೂ ಐತಿ. ಮಾತು ತಡಾ ಆಗೇದ, ಕಲಿಸಿದ್ರ ಬರ್ತದ."

"ಈ ಮಾಸ್ಕಿನ ಸಲುವಾಗಿನ ಹಿಂಗಾತಲ್ಲ?" ಎಂದರು ಕಾಂತಕ್ಕ. ಅಳಿಯನ ಮನೆತನ ಆಗಲೇ ಖುಲಾಸೆಯಾಗಿತ್ತು.

"ಹಂಗ ಅನ್ನಾಕ ಬರೂದಿಲ್ರಿ ಆಂಟಿ. ಮಾಸ್ಕ್ ಹಾಕ್ಕೊಂಡವರ ಮುಂದ ಬೆಳದ ಎಷ್ಟೋ ಹುಡುಗೂರು ಪಟಪಟ ಮಾತಾಡ್ತಾವ. ಆದ್ರ ಈ ಕೂಸು ತುಟಿ ನೋಡಿ ಕಲೀತದ. ಇಕೀಗೆ ಬಾಯಿ ಕಾಣಬೇಕು. ಮನ್ಯಾಗೂ, ಸಾಲ್ಯಾಗೂ."

ಕಾಂತಕ್ಕ ಬೇರೆ ಏನು ಕೇಳಿಸಿಕೊಂಡರೋ, ಬಾಯಿ ಕಾಣಬೇಕು ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿದರು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಪ್ಪಾ, ಬ್ಬಾ, ಮ್ಮಾ ನಡೆಯಿತು. ತೊಡಕು ಇದ್ದದ್ದು, ಮೂರು ತುಂಬಿದ ಮೇಲೆ ಕೂಸನ್ನು ಬೆಳಗಾವಿಯಲ್ಲಿ ಸೇರಿಸಿದ್ದ ಸಾಲಿಯಲ್ಲಿ.

ಅಲ್ಲಿನ ಸದಾಶಿವನಗರದ ಒಂದು ಮಹಡಿ ಮನೆಯಲ್ಲಿ 'ಬಾಲಬೃಹಸ್ಪತಿ ಇಂಟರ್‌ನ್ಯಾಷನಲ್ ಪ್ರೀ ಸ್ಕೂಲ್' ಇದೆ. ಇಂಟರ್‌ನ್ಯಾಷನಲ್ ಯಾಕೆಂದರೆ ಅದರ ಚೇರ್ಮನ್ ಬಸವಪ್ರಸಾದ ಒಮ್ಮೆ ದುಬೈಗೆ ಹೋಗಿ ಬಂದಿದ್ದಾರೆ. ರೋಗದ ಕಾಲದಲ್ಲಿ ಎಲ್ಲರೂ ಮೂಗುಬಾಯಿ ಮುಚ್ಚಿಕೊಂಡಿದ್ದೆವು, ಮುಚ್ಚಿಕೊಳ್ಳಬೇಕಿತ್ತು ಕೂಡ. ಆಮೇಲೆ ರೋಗ ಇಳಿಯಿತು, ಸರಕಾರದ ದಂಡ ನಿಂತಿತು, ಊರ ಜನ ಪಾನ್ ಅಂಗಡಿಯ ಮುಂದೆ ಎಂದಿನಂತೆ ಉಗುಳಲು ತೊಡಗಿದರು. ಬಾಲಬೃಹಸ್ಪತಿಯಲ್ಲಿ ಮಾತ್ರ ಮಾಸ್ಕು ಇಳಿಯಲಿಲ್ಲ. ಯಾಕೆಂದರೆ ಚೇರ್ಮನ್ನರು ಮಾಸ್ಕಿನ ಶಿಸ್ತಿನ ಬಗ್ಗೆ ಮಾಡಿದ ಭಾಷಣ ಬಣ್ಣದ ಪುಸ್ತಿಕೆಯಲ್ಲಿ ಅಚ್ಚಾಗಿತ್ತು, ಪುಸ್ತಿಕೆಗಳು ಇನ್ನೂ ಬಹಳ ಉಳಿದಿದ್ದವು.

ಶಿಸ್ತು ಎಂದರೆ ಎಂಥ ಶಿಸ್ತು. ತಿಂಡಿಯ ಹೊತ್ತಿಗೆ ಮಕ್ಕಳು ಮಾಸ್ಕು ಇಳಿಸಿ, ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರು ಕೈಹಾಕಿ, ಒಂದೇ ಚಮಚ ನಾಲ್ಕು ಬಾಯಿಗೆ ಹೋಗಿ, ಮುಖದ ಮೇಲೆ ಮುಖವಿಟ್ಟು ಕೆಮ್ಮಿ, ಗಂಟೆ ಬಾರಿಸಿದ ಕೂಡಲೇ ಮತ್ತೆ ಆರೋಗ್ಯವಂತರಾಗುತ್ತಿದ್ದರು. ಚೇರ್ಮನ್ನರಿಗೆ ಸೀನು ಬಂದರೆ ಮಾಸ್ಕು ಹೊಲಸಾಗಬಾರದೆಂದು ಅದನ್ನು ಕೆಳಗಿಳಿಸಿ ಸೀನುತ್ತಿದ್ದರು.

ಟೀಚರುಗಳ ಮುಖ ಕಾಣದೆ ಕೂಸುಗಳು ಅಂಜುತ್ತವೆ ಎಂದು ಯಾರೋ ದೂರಿದಾಗ ಚೇರ್ಮನ್ನರು ಅದಕ್ಕೂ ಉಪಾಯ ಕಂಡುಹಿಡಿದರು. ಮಾಸ್ಕಿನ ಮೇಲೆ ನಗುವ ಬಾಯಿಯನ್ನು ಅಚ್ಚು ಹಾಕಿಸಿದರು. ಕೆಂಪು ತುಟಿ, ಬಿಳಿ ಹಲ್ಲು, ಎಲ್ಲ ಟೀಚರಿಗೂ ಒಂದೇ ನಗು. ಬೈಯುವಾಗಲೂ ನಗು. ಆ ಮಾಸ್ಕುಗಳನ್ನು ಹೊಲಿದುಕೊಟ್ಟವರು ಬೇರೆ ಯಾರೂ ಅಲ್ಲ, ಕಾಂತಕ್ಕ. ಮೊಮ್ಮಗಳ ಸಾಲಿಯ ಕೆಲಸವೆಂದು ಹೊಲಿಗೆ ಬಹಳ ಚೆಂದ ಹಾಕಿದ್ದರು. ಇಡೀ ಬೆಳಗಾವಿಯಲ್ಲಿ ಇಂಥ ನಗು ಇಲ್ಲ ಎಂದು ಬೀಗುತ್ತಿದ್ದರು.

ಆ ಜಂಬ ಇಳಿದದ್ದು ಒಂದು ಮಧ್ಯಾಹ್ನ, ಮಗಳ ಜೊತೆ ಕೂಸನ್ನು ಕರೆದೊಯ್ಯಲು ಬಂದಾಗ, ಗೇಟಿನ ಹತ್ತಿರ. ಸಮೃದ್ಧಿ ಟೀಚರ ಮಡಿಲಲ್ಲಿ ಕುಳಿತು, ಮಾಸ್ಕಿನ ಮೇಲಿನ ಕೆಂಪು ತುಟಿಯ ಮೇಲೆ ಬೆರಳಿಟ್ಟು ಕಾಯುತ್ತಿತ್ತು. ಟೀಚರು ಒಳಗಿನಿಂದ ಏನೋ ಹೇಳಿದಳು. ತುಟಿ ಅಲುಗಲಿಲ್ಲ. ಕೂಸು ಬೆರಳು ತೆಗೆದು, ಮತ್ತೊಮ್ಮೆ ಇಟ್ಟು, ಮತ್ತೆ ಕಾಯಿತು.

ಕಾಂತಕ್ಕ ಸೀದಾ ಚೇರ್ಮನ್ನರ ಕೋಣೆಗೆ ಹೋದರು. "ಸರ, ಆ ನಗೂ ತಗೀರಿ. ನಾನ ಹೊಲದೀನಿ, ನಾನ ಬಿಚ್ಚತೀನಿ."

"ಅಜ್ಜಿ, ಅದು ನಮ್ಮ ಪಾಲಿಸಿ."

"ಅಜ್ಜಿ ಅನಬ್ಯಾಡ್ರಿ. ಕಾಂತಾ ಅನ್ರಿ. ನಮ್ಮ ಕೂಸಿಗೆ ಬಾಯಿ ಕಾಣಬೇಕಂತ ಆ ಅಂಜುಮ ಮೇಡಂ ಹೇಳ್ಯಾರ."

"ಒಂದು ಮಗುವಿಗಾಗಿ ಇಡೀ ಸಂಸ್ಥೆ ಮುಖ ತೆರೆಯೋಕಾಗೂದಿಲ್ಲ. ಮೊದಲು ಅವಳ ಪರೀಕ್ಷೆ ಆಗ್ಲಿ. ಎಲ್‌ಕೆಜಿಗೆ ಲಾಯಕ್ಕಿದ್ದರೆ ಮುಂದೆ, ಇಲ್ಲದಿದ್ದರೆ ಮತ್ತೊಂದು ವರ್ಷ ಪ್ಲೇ ಗ್ರೂಪಿನಲ್ಲೇ ಇರಲಿ. ಮಂದ ಮಕ್ಕಳಿಗೆ ಅಲ್ಲಿ ಆರಾಮ ಇರ್ತದ."

ಮಂದ ಎಂಬ ಆ ಮಾತನ್ನು ಪದ್ಮಶ್ರೀ ಮನೆಗೆ ಹೊತ್ತುಕೊಂಡು ಹೋದಳು. ಸಮೃದ್ಧಿಯ ಜೊತೆಯ ಮಕ್ಕಳೆಲ್ಲ ಮುಂದೆ ಹೋಗಿ, ಇವಳೊಬ್ಬಳು ತೊಟ್ಟಿಲ ಕೂಸುಗಳ ನಡುವೆ ಉಳಿದರೆ, ಆಮೇಲೆ ಆ ಹೆಸರೇ ಅಂಟಿಕೊಳ್ಳುತ್ತದೆ ಎಂದು ಅತ್ತಳು. ಕಾಂತಕ್ಕ ಅಂಗಡಿ ಮುಚ್ಚಿ ಬೆಳಗಾವಿಗೆ ಬಂದು ಕುಳಿತರು.

ಪರೀಕ್ಷೆ ನಡೆದದ್ದು ಮಾರ್ಚಿನ ಬಿಸಿಲಲ್ಲಿ, ಮಹಡಿಯ ತಗಡಿನ ಕೆಳಗೆ, ತಂದೆತಾಯಿಗಳ ಎದುರಿಗೇ. ಉತ್ತರ ಕೇಳಿಸಲೆಂದು ಮಕ್ಕಳ ಮಾಸ್ಕನ್ನಷ್ಟೇ ತೆಗೆಸಿದ್ದರು. ಅಂದಿನ ಸಂಗತಿಯನ್ನು ನನಗೆ ಕಾಂತಕ್ಕನೂ ಹೇಳಿದ್ದಾರೆ, ಪದ್ಮಶ್ರೀಯೂ ಹೇಳಿದ್ದಾಳೆ; ಎರಡರಲ್ಲಿ ಬಣ್ಣ ಕಡಿಮೆ ಇದ್ದದ್ದನ್ನು ಬರೆಯುತ್ತಿದ್ದೇನೆ. ಪ್ರಶ್ನೆ ಕೇಳಲು ಚೇರ್ಮನ್ನರೇ ಕುಳಿತಿದ್ದರು, ಕೋಟು ಹಾಕಿಕೊಂಡು, ಕಾಂತಕ್ಕ ಹೊಲಿದ ನಗುವನ್ನು ಕಿವಿಯಿಂದ ಕಿವಿಗೆ ಕಟ್ಟಿಕೊಂಡು.

"ವೇರ್ ಈಸ್ ಯುವರ್ ಮೌತ್?"

ಸಮೃದ್ಧಿ ಸುಮ್ಮನೆ ನೋಡಿತು.

"ಕನ್ನಡದಾಗ ಕೇಳ್ರಿ" ಎಂದರು ಕಾಂತಕ್ಕ ಹಿಂದಿನಿಂದ.

"ಓಕೆ. ಬಾಯಿ ಎಲ್ಲೈತಿ? ಬಾಯಿ ತೋರಸು."

ಕೂಸಿನ ಮುಖ ಅರಳಿತು. ಎದ್ದು ಓಡಿಹೋಗಿ ಬಾಗಿಲಲ್ಲಿ ನಿಂತಿದ್ದ ಟೀಚರ ಮೊಣಕಾಲು ತಬ್ಬಿಕೊಂಡಿತು.

"ಶರೀರದ ಅಂಗಗಳ ಜ್ಞಾನ ಇಲ್ಲ" ಎಂದು ಚೇರ್ಮನ್ನರು ಹಾಳೆಯಲ್ಲಿ ಅಡ್ಡಗೆರೆ ಎಳೆದು ಕಾಟು ಹಾಕಿದರು.

"ಯಾಕಿಲ್ರಿ? ಖಾನಾಪುರದ ಕೂಸದು. ಬಾಯಿ ಅಂದ್ರ ಸಾಲೀ ಬಾಯಿ. ಬರೋಬ್ಬರಿ ತೋರಿಸ್ಯಾಳ."

ಎಲ್ಲರೂ ನೋಡುತ್ತಿದ್ದರು. ಚೇರ್ಮನ್ನರು ಉದಾರರಾದರು. ಕೂಸನ್ನು ಹತ್ತಿರ ಕರೆದು, ಬಾಗಿ, ಅಚ್ಚು ಹಾಕಿದ ನಗುವನ್ನು ಅದರ ಮೂಗಿನ ಸಮೀಪ ತಂದು ಕೇಳಿದರು: "ಆಯ್ತು ಬೇಬಿ, ಇನ್ನೊಂದು ಚಾನ್ಸ್. ಅಂಕಲ್ ಬಾಯಿ ಎಲ್ಲೈತಿ?"

ಸಮೃದ್ಧಿ ಹುಡುಕಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಕೆಂಪು ತುಟಿಯನ್ನು ಬೆರಳಿನಿಂದ ಒತ್ತಿ ನೋಡಿತು. ಆಮೇಲೆ ಎರಡೂ ಕೈ ತಿರುವಿ, ಇಡೀ ವರ್ಷದಲ್ಲಿ ಆ ಸಾಲಿಯೊಳಗೆ ಒಂದು ಮಾತನ್ನೂ ಆಡದ ಹುಡುಗಿ ಸ್ಪಷ್ಟವಾಗಿ ಹೇಳಿತು:

"ಇಲ್ಲಾ."

ಹಿಂದಿನ ಸಾಲಿನಿಂದ ಯಾರೋ ಮರಾಠಿಯಲ್ಲಿ, "ಬರೋಬರ್ ಆಹೆ, ಲಗ್ನ ಕುಠೆ ಝಾಲಂಯ್" ಎಂದರು. ಕೂಸು ಹೇಳಿದ್ದು ಸರಿಯೇ, ಬಾಯಿ ಇರಲು ಲಗ್ನ ಎಲ್ಲಿ ಆಗಿದೆ ಎಂದು. ಚೇರ್ಮನ್ನರು ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಜನ ನಕ್ಕರು. ಅವರ ಮಾಸ್ಕೂ ನಗುತ್ತಲೇ ಇತ್ತು. ಅದರ ಮೇಲಿನ ಕಣ್ಣುಗಳು ಮಾತ್ರ ನಗಲಿಲ್ಲ.

"ಇದೂ ತಪ್ಪು."

"ಯಾವ ಭಾಷಾದಾಗ ತಪ್ಪ್ರಿ?" ಎಂದರು ಕಾಂತಕ್ಕ. "ಮಾಸ್ಕ್ ತಗದ ಕೇಳ್ರಿ, ಹೇಳ್ತಾಳ."

"ಅದು ಪಾಲಿಸಿ ಒಳಗ ಬರೂದಿಲ್ಲ."

ಕಾಂತಕ್ಕ ಮುಂದೆ ಬಂದರು. ಮಕ್ಕಳು ಕೂರುವ ಹಳದಿ ಕುರ್ಚಿಯೊಂದರಲ್ಲಿ ಕುಳಿತರು. ಮೊಣಕಾಲುಗಳು ಎದೆಗೆ ಬಂದವು, ಕುರ್ಚಿ ಕಾಣದಾಯಿತು. ಗೇಟಿನಲ್ಲಿ ಕಟ್ಟಿಸಿದ್ದ ಮಾಸ್ಕನ್ನು ಗದ್ದಕ್ಕೆ ಇಳಿಸಿ, "ಸಮೂ, ಈ ಆಯೀದು ಬಾಯಿ ಎಲ್ಲೈತಿ?" ಎಂದರು. ಬಾ ಎನ್ನುವಲ್ಲಿ ತುಟಿ ಒಡೆದದ್ದು ಮಹಡಿಗೆಲ್ಲ ಕೇಳಿಸಿತು.

ಕೂಸು ಐದೂ ಬೆರಳನ್ನು ಅಜ್ಜಿಯ ಬಾಯೊಳಗೆ ತುರುಕಿತು. ತುರುಕಿ, ತನ್ನ ತುಟಿ ಒತ್ತಿ, ಬಿಟ್ಟು, "ಬಾ" ಎಂದಿತು. ಸ್ವಲ್ಪ ತಡೆದು, "ಬಾಯಿ."

ಪದ್ಮಶ್ರೀ ಎದ್ದು ನಿಂತಳು. ಯಾಕೆ ಎದ್ದೆ ಎಂಬುದು ತನಗೂ ತಿಳಿಯಲಿಲ್ಲ ಎನ್ನುತ್ತಾಳೆ. ಚೇರ್ಮನ್ನರು ಗೇಟಿನ ಕಡೆಗೆ ಬೆರಳು ತೋರಿಸಿ, "ನಿಯಮ ಮುರದೀರಿ, ಹೊರಗ ನಡೀರಿ" ಎಂದರು. ಕಾಂತಕ್ಕನ ಬಾಯಲ್ಲಿ ಬೆರಳಿದ್ದುದರಿಂದ ಉತ್ತರ ಬರಲಿಲ್ಲ. ಆಗ ಬಾಗಿಲಲ್ಲಿದ್ದ ಟೀಚರು ತನ್ನ ನಗುವನ್ನು ಕಳಚಿ ಸೊಂಟಕ್ಕೆ ಸಿಗಿಸಿಕೊಂಡು ಕೂಸಿನ ಎದುರು ಕುಳಿತಳು. ಒಬ್ಬೊಬ್ಬರಾಗಿ ಉಳಿದವರೂ ಕಳಚಿದರು. ಕ್ರಾಂತಿ ಏನಲ್ಲ, ತಗಡಿನ ಕೆಳಗೆ ವಿಪರೀತ ಸೆಕೆ ಇತ್ತು, ಎಲ್ಲರಿಗೂ ಒಂದು ನೆಪ ಬೇಕಿತ್ತು.

ವಾರ ಕಳೆಯುವುದರೊಳಗೆ ಇದೆಲ್ಲ ತಮ್ಮದೇ ವಿಚಾರವೆಂದು ಚೇರ್ಮನ್ನರಿಗೆ ನೆನಪಾಯಿತು. ಕಾಟುಗಳು ಅಳಿದವು, ಸಮೃದ್ಧಿಯ ಹೆಸರು ಎಲ್‌ಕೆಜಿಗೆ ಏರಿತು. ಜೂನಿನಲ್ಲಿ ಮುಖ ತೆರೆಯುವ ಉದ್ಘಾಟನಾ ಸಮಾರಂಭ ಇಟ್ಟುಕೊಂಡರು. ಬ್ಯಾನರು, ದೀಪ, ಟೀಚರುಗಳ ಬಾಯಿಗೆ ಅಡ್ಡವಾಗಿ ಕಟ್ಟಿದ ಕೆಂಪು ಪ್ಲಾಸ್ಟಿಕ್ ರಿಬ್ಬನ್ನು. ನಗೆಬರಹದವನೆಂದು ನನ್ನನ್ನು ಅತಿಥಿಯಾಗಿ ಕರೆದರು. ಅಷ್ಟರ ಮಟ್ಟಿಗೆ ಔಚಿತ್ಯವಿತ್ತು. ಕೊನೇ ಗಳಿಗೆಯಲ್ಲಿ ಕತ್ತರಿ ಸಿಗದೆ ಕಾಂತಕ್ಕನನ್ನು ಕೇಳಿದಾಗ, "ಬಟ್ಟಿ ಕತ್ರೀಲೆ ಇಂಥಾದ್ದು ಕತ್ತರಸೂದಿಲ್ರಿ, ಧಾರ ಹೋಗ್ತದ" ಎಂದುಬಿಟ್ಟರು. ರಿಬ್ಬನ್ನನ್ನು ನಾನು ಹಲ್ಲಿನಿಂದ ಹರಿದೆ.

ಸಮೃದ್ಧಿ ಮುಂದಿನ ಸಾಲಿನಲ್ಲಿ ತನ್ನ ಜೊತೆಯವರೊಂದಿಗೇ ಕುಳಿತಿತ್ತು. ಮಾತು ಇನ್ನೂ ಪೂರ್ತಿ ಬಂದಿಲ್ಲ. ಅಂಜುಮಳ ಹತ್ತಿರ ಹೋಗುವುದು ನಿಂತಿಲ್ಲ, ಹಾಲು ಇನ್ನೂ 'ಆಉ' ಆಗಿಯೇ ಇದೆ. ಆದರೆ ಪಕ್ಕದ ಹುಡುಗ ಅದರ ಬಿಸ್ಕೀಟಿಗೆ ಕೈ ಹಾಕಿದಾಗ "ಬ್ಯಾಡ" ಎಂದದ್ದು ನನಗೇ ಕೇಳಿಸಿತು.

ಭಾಷಣದ ಕೊನೆಗೆ ಚೇರ್ಮನ್ನರು ಮೈಕು ಹಿಡಿದು ಕಾಂತಕ್ಕನ ಹತ್ತಿರ ಇಳಿದು ಬಂದರು. "ಮಕ್ಕಳ ಎದುರು ಕುಳಿತು, ಮುಖ ತೆರೆದು, ತುಟಿಯ ಚಲನೆ ತೋರಿಸುತ್ತಾ ಸಂವಹನ ನಡೆಸುವ ಈ ಹೊಸ ಪದ್ಧತಿಗೆ ನಮ್ಮ ಸಂಸ್ಥೆ ಒಂದು ಹೆಸರು ಹುಡುಕ್ತಾ ಐತಿ. ಇದಕ್ಕ ಏನಂತ ಕರೀಬಹುದು, ಕಾಂತಾ ಅವರೇ?"

ಕಾಂತಕ್ಕ ಮೈಕನ್ನು ಒಮ್ಮೆ ನೋಡಿದರು, ಚೇರ್ಮನ್ನರನ್ನು ಒಮ್ಮೆ ನೋಡಿದರು.

"ಮಾತಾಡೂದು ಅಂತಾರ್ರಿ ಅದಕ್ಕ."