ಕಾಲೇಜಿನ ಬಾಗಿಲಿಗೆ ಬಂದ ಬೋರ್ಡು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ನಮ್ಮ ಚೇರಮನ್ನರಿಗೆ ಕಾಲೇಜು ಕಟ್ಟುವ ಹುರುಪು ಬಹಳ, ನಡೆಸುವ ಹುರುಪು ಇರಲಿಲ್ಲ. ಬಿ.ಎಸ್ಸಿ. ತೆರೆದು ಎರಡನೆಯ ವರ್ಷ ನಡೆದಿದ್ದರೂ ರಸಾಯನಶಾಸ್ತ್ರಕ್ಕೆ ಮೇಷ್ಟ್ರೇ ಇರಲಿಲ್ಲ. ಹುಡುಗರು ಕೇಳಿದಾಗಲೆಲ್ಲ ಪ್ರಿನ್ಸಿಪಾಲರು, “ಬರ್ತಾರ, ಬರ್ತಾರ” ಎನ್ನುತ್ತಿದ್ದರು.

ಒಂದು ದಿನ ವಿಶ್ವವಿದ್ಯಾಲಯದಿಂದ ತಪಾಸಣಾ ಕಮಿಟಿ ಬರುವ ಸುದ್ದಿ ಬಂತು. ಪಾಠ ಹೇಳುವವರು ಯಾರು, ಅವರ ಓದೇನು ಎಂಬುದನ್ನು ವಿದ್ಯಾರ್ಥಿಗಳಿಗೆ ಕಾಣುವಂತೆ ಹಾಕಿರಬೇಕೆಂಬ ನಿಯಮವಿದೆಯೆಂದು ಪ್ರಿನ್ಸಿಪಾಲರಿಗೆ ಆಗ ನೆನಪಾಯಿತು. ಪೇಂಟರನ್ನು ಕರೆಸಿ, ನೀಲಿ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿ, ಬಾಗಿಲ ಪಕ್ಕ ನಿಲ್ಲಿಸಿದರು. ನನ್ನ ಹೆಸರಿನ ಮುಂದೆ ‘ಎಂ.ಎ., ಖಾಯಂ’ ಎಂದಿತ್ತು. ನನ್ನ ಕೈಗೆ ನೇಮಕಾತಿ ಆದೇಶ ಎಂಬುದು ಅಲ್ಲಿಯವರೆಗೆ ಬಂದೇ ಇರಲಿಲ್ಲ. ನನ್ನ ನೌಕರಿ ಎಂಥದ್ದೆಂದು ನಾನೇ ಬಾಗಿಲಲ್ಲಿ ನಿಂತು ಓದಿ ತಿಳಿದುಕೊಂಡೆ.

ರಸಾಯನಶಾಸ್ತ್ರದ ಎದುರಿಗೂ ಒಂದು ಹೆಸರಿತ್ತು. ಅದು ಚೇರಮನ್ನರ ಅಳಿಯನದು. ಆತ ಎಂ.ಎಸ್ಸಿ. ಮಾಡಿದ್ದು ನಿಜ, ಆದರೆ ಸವದತ್ತಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ.

ಕಮಿಟಿ ಬಂದ ದಿನ ಅಳಿಯ ಕೋಟು ಹಾಕಿಕೊಂಡು ಮಾವನ ಜೀಪಿನಿಂದಿಳಿದ. ಪ್ರಯೋಗಾಲಯದ ದಾರಿ ಗೊತ್ತಿಲ್ಲದೆ ಸೀದಾ ಸಂಡಾಸದ ಕಡೆ ಹೊರಟಿದ್ದವನನ್ನು ಜವಾನ ತಿರುಗಿಸಿ ಕರೆತಂದ. ಕಮಿಟಿಯ ಹಿರಿಯರು ತರಗತಿಗೆ ಬಂದು ಆತನನ್ನು ತೋರಿಸಿ, “ಈ ಸರ್ ಪಾಠ ಹೆಂಗ ಮಾಡತಾರ?” ಎಂದು ಕೇಳಿದರು. ಹುಡುಗರು ನೆಲ ನೋಡಿದರು. ಅವರಿಗೆ ಮೊದಲೇ ತಾಕೀತಾಗಿತ್ತು.

ದೊಡವಾಡದಿಂದ ದಿನಾ ಬಸ್ಸಿಗೆ ಬರುವ ಒಬ್ಬ ಹುಡುಗಿ ಎದ್ದು ನಿಂತಳು. “ಗೊತ್ತಿಲ್ರಿ ಸರ್. ಇವರನ್ನ ಇವತ್ತ ನೋಡಾಕತ್ತೇವಿ. ಹೆಸರು ಬೋರ್ಡಿನ್ಯಾಗ ಓದಿದ್ವಿ ಅಷ್ಟ.”

ಇನ್ನು ಈ ಕಾಲೇಜಿನ ಕತೆ ಮುಗಿಯಿತು ಎಂದುಕೊಂಡೆ. ಹಿರಿಯರು ಅಳಿಯನ ಮುಖ ನೋಡಿದರು, ಆಮೇಲೆ ಗಡಿಯಾರ ನೋಡಿದರು. “ಊಟಕ್ಕ ತಡಾ ಆತಲ್ಲ?” ಎಂದರು. ಚೇರಮನ್ನರ ಮನೆಯಲ್ಲಿ ಹೋಳಿಗೆ ಉಂಡು, ಎಲ್ಲ ಸಮರ್ಪಕವಾಗಿದೆ ಎಂದು ಬರೆದು, ಕಾರು ಹತ್ತಿದರು. ವಿದ್ಯಾವಂತರ ಹೊಟ್ಟೆಗೆ ಇಂಥ ಶಕ್ತಿ ಇರುತ್ತದೆಂದು ಆ ದಿನ ಕಂಡೆ. ಹೋಳಿಗೆಯ ಜೊತೆ ಆ ಹುಡುಗಿಯ ಮಾತನ್ನೂ ಅರಗಿಸಿಕೊಂಡಿದ್ದರು.

ಮರುದಿನ ಪ್ರಿನ್ಸಿಪಾಲರು ಅವಳನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

“ಸಂಸ್ಥಾದ ಮಾನ ತಗದಿ ನೀನು!”

ಹುಡುಗಿ ಬಾಗಿಲ ಕಡೆ ಕೈ ತೋರಿಸಿದಳು. “ಬೋರ್ಡ್ ನಾವು ಓದಾಕ ಹಾಕೀರಿ, ಏನ್ ಕೈ ಮುಗಿಯಾಕ ಹಾಕೀರ್ರಿ ಸರ್?”

“ಆಕಿ ಕೇಳಿದ್ದು ಸರಿ ಐತ್ರಿ” ಎಂದೆ ನಾನು.

ಪ್ರಿನ್ಸಿಪಾಲರು ನನ್ನತ್ತ ತಿರುಗಿದರು. “ನೀವು ಟೆಂಪರರಿ ಅದೀರಿ, ನೆನಪಿರ್ಲಿ.”

“ಬೋರ್ಡಿನ್ಯಾಗ ಖಾಯಂ ಅಂತ ಐತಲ್ರೀ?”

“ಅದು ಕಮಿಟಿಗ್ರಿ!” ಎಂದರು. ಇಷ್ಟೂ ತಿಳಿಯದವನಿಗೆ ನೌಕರಿ ಕೊಟ್ಟೆವಲ್ಲ ಎಂಬ ಮರುಕ ಅವರ ಮುಖದಲ್ಲಿತ್ತು.

ಹುಡುಗರು ಸುಮ್ಮನಿರಲಿಲ್ಲ. ಹೆಸರು ಬರೆಸಿದವರು ಪಾಠಕ್ಕೂ ಬರಲಿ ಎಂದು ಮೆಟ್ಟಿಲ ಮೇಲೆ ಕುಳಿತರು. ಬೇರೆ ದಾರಿ ಕಾಣದೆ ಚೇರಮನ್ನರು ಅಳಿಯನನ್ನು ಕಳಿಸಿದರು. ಪುಣ್ಯಾತ್ಮ ಯೂರಿಯಾವನ್ನು ಎಕರೆಗೆ ಎಷ್ಟು ಹಾಕಬೇಕೆಂದು ಒಂದು ತಾಸು ಹೇಳಿ ಹೋದ, ಮತ್ತೆ ಬರಲಿಲ್ಲ. ಬೋರ್ಡಿಗೆ ಬೇರೆ ಬಣ್ಣ ಬಿತ್ತು. ಹೆಸರುಗಳೆಲ್ಲ ಹೋಗಿ ‘ನುರಿತ ಅಧ್ಯಾಪಕ ವರ್ಗ’ ಎಂಬುದಷ್ಟೇ ಉಳಿಯಿತು. ಸುಳ್ಳನ್ನೂ ಚೊಕ್ಕಟವಾಗಿ ಹೇಳುವುದನ್ನು ಕಲಿತಿದ್ದರು.

ಜೂನಿನಲ್ಲಿ ಆ ಹುಡುಗಿ ತಂದೆಯೊಂದಿಗೆ ಬಂದು ಟಿ.ಸಿ. ತೆಗೆದುಕೊಂಡಳು. ಧಾರವಾಡದಲ್ಲಿ ಸೀಟು ಸಿಕ್ಕಿತ್ತು. ಹೊರಡುವಾಗ ನನ್ನ ಹತ್ತಿರ ಬಂದು ಸಂಕೋಚದಿಂದ, “ಸರ್, ಸಿಟ್ಟಾಗಬ್ಯಾಡ್ರಿ. ನೀವು ಎಂ.ಎ. ಮಾಡಿದ್ದಾದ್ರೂ ಖರೇನ ಏನ್ರಿ?” ಎಂದಳು.

“ಖರೇನವಾ” ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ತಂದೆಯ ಕೈಯಿಂದ ಚೀಲ ಇಸಿದುಕೊಂಡು ರಸ್ತೆ ದಾಟಿದಳು.