ಆಣೆಕಲ್ಲು ಬಿದ್ದ ದಿನದ ಕುಬಸ

ನಮ್ಮ ಮನೆಯಲ್ಲಿ ಕೊಡೆ ಇಲ್ಲ ಎಂಬುದನ್ನು ನಾನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು. ಕುವೈತಿನಲ್ಲಿ ಕೊಡೆ ಕೊಳ್ಳುವವನು ನಿನ್ನೆ ಬಂದಿಳಿದ ಹೊಸಬನೇ ಇರಬೇಕು ಎಂದು ನನ್ನ ಅಭಿಪ್ರಾಯ. ಊರಿನಿಂದ ಫೋನು ಮಾಡಿದವರು ಅಭ್ಯಾಸಬಲದಿಂದ ಅಲ್ಲಿ ಮಳೆ ಹೇಗಿದೆ ಎಂದು ಕೇಳಿದರೆ ನಾನು ಧೂಳಿನ ವರದಿ ಕೊಡುತ್ತಿದ್ದೆ. ಹೀಗಾಗಿ ಗಿರಿಜಾಳ ಕುಬಸದ ದಿನ ಬೆಳಿಗ್ಗೆ ಆಕಾಶ ಮೋಡ ಕಟ್ಟಿದಾಗ, ಇದೆಲ್ಲ ತೋರಿಕೆಯದು, ಹತ್ತು ಹನಿ ಬಿದ್ದರೆ ಹೆಚ್ಚು ಎಂದು ಅಧಿಕಾರಯುತವಾಗಿ ಘೋಷಿಸಿದವನೂ ನಾನೇ.

ಗಿರಿಜಾ ನನ್ನ ಸಹೋದ್ಯೋಗಿ ಮಲ್ಲಪ್ಪನ ಹೆಂಡತಿ. ಬಾಗಲಕೋಟೆ ಕಡೆಯ ಹುಡುಗಿ, ಚೊಚ್ಚಲ ಬಸಿರು, ಏಳನೇ ತಿಂಗಳು ನಡೆದಿತ್ತು. ನಮ್ಮ ಕಡೆ ಕುಬಸವೆಂದರೆ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಮಗಳಿಗೆ ಉಡಿಸಿ, ಐದು ಜನ ಮುತ್ತೈದೆಯರು ಉಡಿ ತುಂಬಿ ಆರತಿ ಎತ್ತುವ ಕಾರ್ಯ. ತಾಯಿಗೆ ವೀಸಾ ಸಿಗಲಿಲ್ಲ. ಅವ್ವ ಇಲ್ಲದ ಕುಬಸವೇ ಬೇಡ ಎಂದು ಹುಡುಗಿ ಹಟ ಹಿಡಿದಿದ್ದಳು. ನನ್ನ ಹೆಂಡತಿ ಶಾಂತಾ ಅವಳ ಕೈ ಹಿಡಿದುಕೊಂಡು, "ನಾವಿರೂ ಅಬು ಹಲೀಫಾದಾಗ ನಿನಗೊಂದು ತವರಮನಿ ಐತಿ ಅಂತ ತಿಳ್ಕೋ. ನಾ ಮಾಡ್ತೀನಿ," ಎಂದಿದ್ದಳು. ಮಾತು ಕೊಟ್ಟಾಗಿತ್ತು, ಇನ್ನು ಅದನ್ನು ನಡೆಸುವುದಷ್ಟೇ ಬಾಕಿ.

ಇಲ್ಲಿ ನಮ್ಮವರ ಸಮಾರಂಭಗಳಿಗೆ ಒಂದು ಪದ್ಧತಿಯಿದೆ. ಕಾರ್ಯ ಒಂದು ಮನೆಯಲ್ಲಿ, ಅಡುಗೆ ಹತ್ತು ಮನೆಗಳಲ್ಲಿ. ಹೋಳಿಗೆ ಒಬ್ಬರು, ರೊಟ್ಟಿ ಒಬ್ಬರು, ಎಣ್ಣೆಗಾಯಿ ಇನ್ನೊಬ್ಬರು. ಜಾಗ ನಮ್ಮದಾದ್ದರಿಂದ ದೊಡ್ಡ ಮನಸ್ಸಿನಿಂದ ನಮ್ಮ ಪಾಲಿಗೆ ಕೋಸಂಬರಿ ಮತ್ತು ಉಪ್ಪಿನಕಾಯಿಯನ್ನಷ್ಟೇ ಬಿಟ್ಟಿದ್ದರು. ತಾಯಿ ಕಳಿಸಿದ ಸೀರೆ ಬಳೆಗಳು, ಊರಿನಿಂದ ರಜೆ ಮುಗಿಸಿ ಬಂದ, ಪಕ್ಕದ ಬಡಾವಣೆ ಎಗೈಲಾದ ಪಾಟೀಲ ದಂಪತಿಗಳ ಬಳಿ ಇದ್ದವು. ಎಲ್ಲರೂ ಮಧ್ಯಾಹ್ನ ಬಂದು ಸೇರುವುದೆಂದು ಗೊತ್ತಾಗಿತ್ತು.

ಅವರಿಗಿಂತ ಮೊದಲು ಬಂದದ್ದು ಆಣೆಕಲ್ಲು. ಮೊದಲು ಗಾಳಿ, ಆಮೇಲೆ ಕತ್ತಲು, ಆಮೇಲೆ ಏಸಿ ಯಂತ್ರದ ತಗಡಿನ ಮೇಲೆ ಯಾರೋ ಕಡಲೆ ಸುರಿದಂತೆ ಸದ್ದು. ನೋಡನೋಡುತ್ತ ಕೆಳಗಿನ ಕಾರುಗಳು, ಖರ್ಜೂರದ ಗಿಡ, ಬಕಾಲಾ ಅಂಗಡಿಯ ಚಪ್ಪರ, ಎಲ್ಲ ಬೆಳ್ಳಗೆ. "ಪಪ್ಪಾ, ಇಟ್ಸ್ ಸ್ನೋಯಿಂಗ್," ಎಂದು ಮಗ ಕುಣಿದ. ಇದು ಹಿಮವಲ್ಲ ಮಗನೇ, ಆಣೆಕಲ್ಲು, ಹಳಗನ್ನಡದಲ್ಲಿ ಇದಕ್ಕೆ ಬರೀ ಆಲಿ ಎನ್ನುತ್ತಿದ್ದರು, ಹಿಮವೆಂಬುದು ನಮಗೆ ಸಂಸ್ಕೃತದಿಂದ ಬಂದ ಮಾತು ಎಂದು ನಾನು ವಿವರಿಸುವಷ್ಟರಲ್ಲಿ ಅವನು ಬಾಲ್ಕನಿಯಲ್ಲಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡಿದ್ದ. ಯಾರೂ ಕಲಿಸದೆ ಅವನು ಮಾಡಿದ ಮೊದಲ ಅಚ್ಚಕನ್ನಡದ ಕೆಲಸ ಅದು. ನಾನೂ ಒಂದು ಪಾತೇಲಿ ಹಿಡಿದು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

ಈ ಸಡಗರ ನಡೆದಿರುವಾಗಲೇ ಫೋನುಗಳು ಬರತೊಡಗಿದವು. ಹೆದ್ದಾರಿಯ ಕೆಳಸೇತುವೆಗಳಲ್ಲಿ ನೀರು ನಿಂತು ರಸ್ತೆ ಬಂದ್ ಆಗಿತ್ತು. ಹೋಳಿಗೆ ಒಂದು ಕಾರಿನಲ್ಲಿ, ರೊಟ್ಟಿ ಇನ್ನೊಂದರಲ್ಲಿ, ತವರಿನ ಸೀರೆ ನೀರಿನ ಆಚೆ ದಡದಲ್ಲಿ. ಬೆಳಿಗ್ಗೆಯೇ ಮಲ್ಲಪ್ಪನೊಡನೆ ಬಂದಿದ್ದ ಗಿರಿಜಾ ಸೋಫಾದ ತುದಿಯಲ್ಲಿ ಕೂತು ಗೋಡೆ ನೋಡತೊಡಗಿದಳು. ಮಲ್ಲಪ್ಪ ಮುಂದಿನ ವಾರ ಮಾಡಿದರಾಯಿತು ಎಂದು ಗೊಣಗಿದ. ಮುಂದಿನ ವಾರಕ್ಕೆ ಎಂಟರಲ್ಲಿ ಬೀಳುತ್ತದೆ, ಎಂಟರಲ್ಲಿ ನಮ್ಮಲ್ಲಿ ಕುಬಸ ಮಾಡುವುದಿಲ್ಲ ಎಂದು ಶಾಂತಾ ಅವನ ಬಾಯಿ ಮುಚ್ಚಿಸಿದಳು. ಆಮೇಲೆ ಒಳಗೆ ಹೋಗಿ, ತನ್ನ ಅಣ್ಣನ ಮಗಳ ಮದುವೆಗೆಂದು ಎತ್ತಿಟ್ಟಿದ್ದ, ಮಡಿಕೆ ಕೂಡ ಬಿಚ್ಚದ ಹಸಿರು ಇಳಕಲ್ ಸೀರೆಯನ್ನು ತಂದು ಗಿರಿಜಾಳ ಕೈಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದಳು.

ಆಣೆಕಲ್ಲು ನೋಡಲು ಅಂದು ನಮ್ಮ ಕಟ್ಟಡದ ಬಾಗಿಲುಗಳೆಲ್ಲ ತೆರೆದಿದ್ದವು. ವರ್ಷಗಟ್ಟಲೆ ಲಿಫ್ಟಿನಲ್ಲಿ ಸಲಾಂ ಹೇಳಿ ಮೊಬೈಲು ನೋಡುತ್ತಿದ್ದ ನಾವು ಅಂದು ಮಾತಾಡುತ್ತಿದ್ದೆವು. ಶಾಂತಾ ಪ್ರತಿ ಬಾಗಿಲಲ್ಲೂ ಹಿಂದಿ, ಇಂಗ್ಲಿಷ್, ಅರಬ್ಬಿ ಬೆರೆಸಿ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಯಜಮಾನರು ಆರೋಗ್ಯವಾಗಿದ್ದಾರಾ? ಇಂಥ ಬಿರುಗಾಳಿಯಲ್ಲಿ ತಮ್ಮ ಗಂಡನ ಬಗ್ಗೆ ಇಷ್ಟು ಕಾಳಜಿಯೇ ಎಂದು ಅವರೆಲ್ಲ ಕರಗಿಹೋದರು. ಅವಳು ಮುತ್ತೈದೆಯರನ್ನು ಎಣಿಸುತ್ತಿದ್ದಾಳೆಂದು ನನಗೊಬ್ಬನಿಗೇ ಗೊತ್ತು. ಎದುರು ಮನೆಯ ಈಜಿಪ್ಟಿನ ಉಮ್ಮ್ ಯೂಸುಫ್ ಅಂತೂ ಕೈರೋದಲ್ಲಿರುವ ಗಂಡನ ಜೊತೆ ಬೆಳಿಗ್ಗೆ ತಾನೇ ಮಾತಾಡಿದ್ದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರಂತೆ. ಪಾಸ್ ಆದರು.

ಹೀಗೆ ಒಬ್ಬ ಮಲಯಾಳಿ ನರ್ಸ್, ಒಬ್ಬ ತೆಲುಗಮ್ಮ, ಲಾಹೋರಿನ ಒಬ್ಬ ಹೆಂಗಸು, ಉಮ್ಮ್ ಯೂಸುಫ್, ಜೊತೆಗೆ ಶಾಂತಾ. ಐದಾಯಿತು. ಅವರವರ ಅಡುಗೆಮನೆಯಲ್ಲಿದ್ದದ್ದೂ ಜೊತೆಗೇ ಬಂತು. ಗಿರಿಜಾ ಸೀರೆಯುಟ್ಟು ಕುರ್ಚಿಯಲ್ಲಿ ಕೂತಳು. ಶಾಂತಾ ಹಾಡು ಹೇಳಿದಳು. ಅವಳ ಕಂಠದ ಬಗ್ಗೆ ನಾನು ಸಾಮಾನ್ಯವಾಗಿ ಅಭಿಪ್ರಾಯ ಹೇಳುವುದಿಲ್ಲ. ಹಾಡು ಮುಗಿಯುತ್ತಲೇ ಉಮ್ಮ್ ಯೂಸುಫ್ ನಾಲಿಗೆ ಹೊರಳಿಸಿ, ತಮ್ಮೂರ ಮದುವೆಗಳಲ್ಲಿ ಕೂಗುವಂತೆ ಲುಲುಲು ಎಂದು ಕೇಕೆ ಹಾಕಿದರು. ಮಲ್ಲಪ್ಪ ಬೆಚ್ಚಿ ಎದ್ದು ನಿಂತ.

ಉಡಿ ತುಂಬಲು ಬಂದಾಗ ಉಮ್ಮ್ ಯೂಸುಫ್, ಈ ಹುಡುಗಿಯ ತಾಯಿ ಎಲ್ಲಿ ಎಂದು ಕೇಳಿದರು. ವೀಸಾದ ಕಥೆಯನ್ನೆಲ್ಲ ಅರಬ್ಬಿಯಲ್ಲಿ ಹೇಳುವಷ್ಟು ಭಾಷೆ ಶಾಂತಾಗೆ ಇಲ್ಲ. ಅವಳು ತನ್ನ ಎದೆಯ ಮೇಲೆ ಕೈಯಿಟ್ಟು, "ಅನಾ," ಎಂದಳು. ನಾನೇ, ಎಂದು. ಉಮ್ಮ್ ಯೂಸುಫ್ ಇವಳ ಮುಖ ನೋಡಿದರು, ಗಿರಿಜಾಳ ಮುಖ ನೋಡಿದರು. ವಯಸ್ಸಿನ ಅಂತರ ಹತ್ತು ಹನ್ನೆರಡು ವರ್ಷವಷ್ಟೇ ಎಂದು ಯಾರಿಗಾದರೂ ಕಾಣುವಂತಿತ್ತು. ಅವರು ನಕ್ಕು, ತಮ್ಮ ಎದೆಯ ಮೇಲೂ ಕೈಯಿಟ್ಟುಕೊಂಡು, "ವ ಅನಾ," ಎಂದರು. ನಾನೂ, ಎಂದು. ಗಿರಿಜಾ ಅತ್ತದ್ದು ಆಗ. ಎಷ್ಟೋ ದಿನದಿಂದ ತಡೆದಿಟ್ಟದ್ದು ಅದು. ನರ್ಸಮ್ಮ ಅವಳ ಬೆನ್ನು ಸವರುತ್ತ ನಿಂತರು.

ಸಂಜೆ ನೀರಿಳಿದ ಮೇಲೆ ಪಾಟೀಲ ದಂಪತಿಗಳೂ ಉಳಿದವರೂ ಒಬ್ಬೊಬ್ಬರಾಗಿ ಬಂದರು. ತಣ್ಣಗಾದ ಹೋಳಿಗೆ ಕೈರೋ, ಲಾಹೋರುಗಳಿಗೂ ಹಂಚಿಹೋಯಿತು. ಪಾಟೀಲರ ಮನೆಯವರು ತಾಯಿಯ ಸೀರೆಯನ್ನು ಗಿರಿಜಾಳ ಮಡಿಲಿಗಿಟ್ಟು, ಸೀರೆ ಬದಲಿಸಿ ಬಾ, ಇನ್ನೊಮ್ಮೆ ಆರತಿ ಮಾಡೋಣ ಎಂದರು. ಹುಡುಗಿ ಆ ಸೀರೆಯನ್ನು ಕಣ್ಣಿಗೊತ್ತಿಕೊಂಡಳು.

"ಅವ್ವನ ಸೀರಿ ಕೂಸಿಗೆ ಹೆಸರಿಡೂ ದಿನ ಉಡ್ತೀನ್ರಿ," ಎಂದಳು. "ಇವತ್ತ ಇದನ್ನ ಬಿಚ್ಚಂಗಿಲ್ಲ. ಇದೂ ತವರಮನೀ ಸೀರೀನ ಅಲ್ರಿ, ಅಕ್ಕಾರ?"

ಶಾಂತಾ ಹೌದೆಂದು ತಲೆಯಾಡಿಸಿ ಅಡುಗೆಮನೆಗೆ ಹೋದಳು. ಹಿಂದೆಯೇ ಹೋಗಿ, ಹಾಗಾದರೆ ಅಣ್ಣನ ಮಗಳ ಮದುವೆಗೆ ಏನು ಉಡುತ್ತೀ ಎಂದು ಕೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಮಗಳಿಗೆ ಉಡಿಸಿದ ಸೀರೆಯನ್ನು ಯಾರಾದರೂ ತಿರುಗಿ ಕೇಳುತ್ತಾರೆಯೇ ಎಂದು ಗದರಿದಳು. ನನ್ನನ್ನು ಒಂದು ಮಾತೂ ಕೇಳದೆ ಇವಳು ತಾಯಿಯಾದ ಮೇಲೆ ನಾನು ಯಾರಾದೆ ಎಂಬುದು ಆಗ ಹೊಳೆಯಿತು. ತಲೆಗೂದಲು ಪೂರ್ತಿ ನೆರೆಯುವ ಮುಂಚೆಯೇ ಅಜ್ಜನಾಗುವ ಯೋಗ. ಹೊರಗೆ ಹೋಗಿ, ಖಾಲಿ ಕೂತಿದ್ದ ಅಳಿಯನಿಗೆ ಇನ್ನೆರಡು ಹೋಳಿಗೆ ಬಡಿಸಿದೆ.